ಸ್ಕಾರ್ಬರೊ ಊರಿನ ವೃತ್ತರಂಗ

ಇಂಗ್ಲೆಂಡಿನ ಈಶಾನ್ಯ ಕರಾವಳಿಯಲ್ಲಿ, ಉತ್ತರ ಸಮುದ್ರಕ್ಕೆ ಎದುರಾಗಿ ಎರಡು ಕೊಲ್ಲಿಗಳ ನಡುವೆ ಚಾಚಿಕೊಂಡಿರುವ ಕೋಟೆಗುಡ್ಡದ ಮಗ್ಗುಲಲ್ಲಿ ಹಬ್ಬಿರುವ ಸ್ಕಾರ್ಬರೊ ಪಟ್ಟಣವು, ಹದಿನೇಳನೆಯ ಶತಮಾನದಲ್ಲಿ ಅಲ್ಲಿ ಕಂಡುಬಂದ ಖನಿಜಜಲದ ಬುಗ್ಗೆಯಿಂದ ಮೊದಲು ಹೆಸರುಗೊಂಡು, 1845ರಲ್ಲಿ ರೈಲುಮಾರ್ಗವು ತಲುಪಿದ ಮೇಲೆ ಯಾರ್ಕ್‌ಷೈರ್ ಪ್ರಾಂತದ ಗಿರಣಿಯ ಊರುಗಳ ಜನಕ್ಕೆಲ್ಲ ಬೇಸಿಗೆಯ ವಿಹಾರಸ್ಥಾನವಾಯಿತು. ವರ್ಷವೆಲ್ಲ ಕಲ್ಲಿದ್ದಲ ಹೊಗೆಯನ್ನು ಉಸಿರಾಡಿದವರು ಒಂದು ವಾರದ ಮಟ್ಟಿಗೆ ಉಪ್ಪುಗಾಳಿಯನ್ನು ಸೇವಿಸಲೆಂದು ಬರತಕ್ಕ ಇಂಥ ಊರಿನಲ್ಲಿ ವಿನೋದಕ್ಕೆ ಕೊರತೆಯಿರಲಿಲ್ಲ. ಕಡಲದಂಡೆಯ ವಿಲಾಸಮಂದಿರಗಳಲ್ಲಿ ಹಾಡು ಕುಣಿತಗಳೂ ವಿದೂಷಕರ ಚೇಷ್ಟೆಗಳೂ ಸಂಜೆ ಸಂಜೆಗೂ ನಡೆಯುತ್ತಲೇ ಇದ್ದುವು. ಆದರೆ 1955ರ ಜುಲೈ 14ರಂದು ವರ್ನನ್ ರಸ್ತೆಯ ಸಾರ್ವಜನಿಕ ಪುಸ್ತಕಾಲಯದ ಮೊದಲ ಮಹಡಿಯಲ್ಲಿ, ಸಂಗೀತಕ್ಕೂ ಉಪನ್ಯಾಸಕ್ಕೂ ಮೀಸಲಾಗಿದ್ದ ಒಂದು ಸಾಧಾರಣವಾದ ಕೊಠಡಿಯಲ್ಲಿ ನಡೆದ ನಾಟಕವು ಆ ಜಾತಿಗೆ ಸೇರಿದ್ದಾಗಿರಲಿಲ್ಲ. ಎಲೆನರ್ ಗ್ಲೇಸರ್ ಎಂಬ ಲೇಖಕಿ ಬರೆದ ‘ಸರ್ಕಲ್ ಆಫ್ ಲವ್’ ಎಂಬ ಆ ಹೊಸ ಕೃತಿಯನ್ನು ಇಂದು ನೆನೆಯುವವರು ವಿರಳ. ಅದನ್ನು ಆಡಿದ ಬಗೆಯಾದರೋ ಇಂಗ್ಲಿಷ್ ರಂಗಭೂಮಿಯ ಚರಿತ್ರೆಯಲ್ಲಿ ಸ್ಥಿರವಾದ ಸ್ಥಾನವನ್ನು ಪಡೆದಿದೆ.

ಆ ಕೊಠಡಿಗೆ ಬಂದ ಪ್ರೇಕ್ಷಕರು ಕಂಡದ್ದೇನು? ಎತ್ತರವಾದ ರಂಗಸ್ಥಳವಿಲ್ಲ, ಮೇಲೇಳುವ ಪರದೆಯಿಲ್ಲ, ಅರಮನೆಯನ್ನೋ ಉದ್ಯಾನವನ್ನೋ ಬರೆದು ನಿಲ್ಲಿಸಿದ ಚಿತ್ರಪಟವಿಲ್ಲ. ನಡುವೆ ಬರಿಯ ನೆಲ. ಅದರ ನಾಲ್ಕು ಕಡೆಗೂ ಮೆಟ್ಟಿಲು ಮೆಟ್ಟಿಲಾಗಿ ಏರಿದ ಮರದ ಪೀಠಗಳ ಮೇಲೆ ಕೆಲವೇ ಸಾಲು ಕುರ್ಚಿಗಳು. ಒಟ್ಟು ಸುಮಾರು 250 ಜನಕ್ಕೆ ಸ್ಥಳ. ಹೆಸರಿಗೆ ಅದು ವೃತ್ತವೆಂದಾದರೂ ನೆಲದ ಮೇಲೆ ಚೌಕವೇ ಆಗಿತ್ತು; ಲೋಕದಲ್ಲಿರುವ ಇಂಥ ರಂಗಗಳಲ್ಲಿ ಅನೇಕವು ಹೀಗೆಯೇ. ಹದಿನೇಳನೆಯ ಶತಮಾನದ ಉತ್ತರಾರ್ಧದಿಂದ ಈಚೆಗೆ, ಎಂದರೆ ಸುಮಾರು ಮುನ್ನೂರು ವರ್ಷಗಳ ಕಾಲ, ಚೌಕಟ್ಟಿನೊಳಗಣ ಚಿತ್ರದಂತೆ ನಾಟಕವನ್ನು ಒಂದೇ ದಿಕ್ಕಿನಿಂದ ನೋಡಿ ರೂಢಿಯಾಗಿದ್ದ ಜನಕ್ಕೆ, ನಟನು ಕೈಗೆಟುಕುವಷ್ಟು ಹತ್ತಿರದಲ್ಲಿ ಹಾದುಹೋಗುವುದೂ, ಒಮ್ಮೆ ಮುಖವನ್ನೂ ಒಮ್ಮೆ ಬೆನ್ನನ್ನೂ ತೋರುವುದೂ, ಆತನ ಆಚೆಗೆ ತಮ್ಮಂತೆಯೇ ಕುಳಿತ ಇತರ ಪ್ರೇಕ್ಷಕರು ಕಾಣುವುದೂ ವಿಲಕ್ಷಣವಾಗಿ ತೋರಿದ್ದರೆ ಆಶ್ಚರ್ಯವಿಲ್ಲ.

ಈ ವಿಲಕ್ಷಣತೆಯನ್ನು ವ್ರತದಂತೆ ಹಿಡಿದು ನಡೆಸಿದವನು ಸ್ಟೀಫನ್ ಜೋಸೆಫ್. 1921ರಲ್ಲಿ ಹುಟ್ಟಿದ ಈತನ ತಾಯಿ ಲಂಡನ್ನಿನ ಪ್ರಹಸನರಂಗದ ಪ್ರಸಿದ್ಧ ನಟಿ ಹರ್ಮಿಯೋನ್ ಗಿಂಗೋಲ್ಡ್. ತಂದೆ ಪ್ರಕಾಶಕ ಮೈಕೇಲ್ ಜೋಸೆಫ್. ರಂಗಭೂಮಿಯ ವೈಭವವೂ ಪುಸ್ತಕದ ವ್ಯಾಪಾರವೂ ಎರಡೂ ಮನೆಯಲ್ಲಿಯೇ ಇದ್ದ ಹುಡುಗನು ಎಳವೆಯಲ್ಲಿಯೇ ನಾಟ್ಯಶಾಲೆಯನ್ನು ಸೇರಿ, ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆಯ ಸೇವೆ ಸಲ್ಲಿಸಿ ಶೌರ್ಯಪದಕವನ್ನು ಪಡೆದು, ಯುದ್ಧಾನಂತರ ಕೇಂಬ್ರಿಜ್‌ನಲ್ಲಿ ಓದಿ, ಬಳಿಕ ಅಮೆರಿಕದ ಅಯೋವಾ ವಿಶ್ವವಿದ್ಯಾಲಯಕ್ಕೆ ನಾಟಕಶಾಸ್ತ್ರದ ವ್ಯಾಸಂಗಕ್ಕಾಗಿ ಹೋದನು. ಮುಂದೆ ತನ್ನ ಬಾಳನ್ನೆಲ್ಲ ತುಂಬಿಕೊಂಡ ಆಸೆಯು ಆತನಲ್ಲಿ ಬಲಿತದ್ದು ಆ ದೇಶದಲ್ಲಿ.

ಅಮೆರಿಕದಲ್ಲಿ ಆ ವೇಳೆಗಾಗಲೇ ಸುತ್ತು ಕುಳಿತು ನೋಡುವ ನಾಟಕವು ಬೇರುಬಿಟ್ಟಿತ್ತು. ಸಿಯಾಟ್ಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಗ್ಲೆನ್ ಹ್ಯೂಸ್ ಎಂಬ ಅಧ್ಯಾಪಕನು 1940ರಲ್ಲಿಯೇ ಪೆಂಟ್‌ಹೌಸ್ ಥಿಯೇಟರ್ ಎಂಬ ವೃತ್ತರಂಗವನ್ನು ಕಟ್ಟಿಸಿದ್ದನು. ಟೆಕ್ಸಸ್ ಸಂಸ್ಥಾನದ ಡ್ಯಾಲಸ್ ನಗರದಲ್ಲಿ ಮಾರ್ಗೊ ಜೋನ್ಸ್ ಎಂಬ ಧೀರ ಮಹಿಳೆಯು 1947ರಲ್ಲಿ ‘ಥಿಯೇಟರ್ 47’ ಎಂದು ಹೆಸರಿಟ್ಟು ವೃತ್ತಿನಟರ ವೃತ್ತರಂಗವೊಂದನ್ನು ತೆರೆದು, ವರ್ಷ ಕಳೆದಂತೆಲ್ಲ ಹೆಸರಿನ ಅಂಕೆಯನ್ನೂ ಒಂದೊಂದಾಗಿ ಹೆಚ್ಚಿಸುತ್ತ, ಹೊಸ ನಾಟಕಕಾರರಿಗೆ ಆಶ್ರಯವಿತ್ತಳು. ನ್ಯೂಯಾರ್ಕಿನ ಕೃಪೆಯಿಲ್ಲದೆ ಪ್ರಾಂತದ ಊರೊಂದು ತನ್ನ ರಂಗಭೂಮಿಯನ್ನು ತಾನೇ ಸಾಕಿಕೊಳ್ಳಬಹುದೆಂಬುದಕ್ಕೆ ಆಕೆಯ ಸಾಹಸವೇ ಪ್ರಮಾಣವಾಯಿತು. ಆದರೂ ಈ ಪದ್ಧತಿಯನ್ನು ಅಮೆರಿಕದ ನವ್ಯ ಕಲ್ಪನೆಯೆಂದು ಮಾತ್ರ ತಿಳಿಯುವುದು ಯುಕ್ತವಲ್ಲ. ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್ ಪ್ರದೇಶದಲ್ಲಿ, ಮಧ್ಯಯುಗದ ಜನರು ತಮ್ಮ ಕಾರ್ನಿಷ್ ನುಡಿಯಲ್ಲಿ ಮೂರು ಹಗಲುಗಳ ಪರ್ಯಂತ ಬೈಬಲ್ಲಿನ ಕಥೆಗಳನ್ನು ಆಡುತ್ತಿದ್ದ ಮಣ್ಣುದಿಬ್ಬದ ವೃತ್ತಗಳು ಸೇಂಟ್ ಜಸ್ಟ್ ಮತ್ತು ಪೆರನ್‌ಪೋರ್ತ್ ಊರುಗಳ ಬಳಿ ಇಂದಿಗೂ ಉಳಿದಿವೆ. ಆ ನಾಟಕಗಳ ಹಸ್ತಪ್ರತಿಯಲ್ಲಿ ಸ್ವರ್ಗ, ನರಕ, ರಾಜರ ಪೀಠಗಳು ಎಲ್ಲೆಲ್ಲಿ ಇರಬೇಕೆಂಬುದನ್ನು ತೋರುವ ವೃತ್ತಾಕಾರದ ರೇಖಾಚಿತ್ರಗಳೂ ಇವೆ. ‘ದಿ ಕಾಸಲ್ ಆಫ್ ಪರ್ಸಿವಿಯರೆನ್ಸ್’ ಎಂಬ ಹದಿನೈದನೆಯ ಶತಮಾನದ ಇಂಗ್ಲಿಷ್ ನೀತಿನಾಟಕಕ್ಕೂ ಅಂಥದೇ ನಕ್ಷೆಯುಂಟು. ಜೋಸೆಫನು ಹೊಸದೆಂದು ತಂದದ್ದರ ಬೇರುಗಳು ಹೀಗೆ ಆತನ ನಾಡಿನ ಮಣ್ಣಿನಲ್ಲಿಯೇ ಇದ್ದುವು.

ಸ್ವದೇಶಕ್ಕೆ ಮರಳಿದ ಆತನು ಲಂಡನ್ನಿನಲ್ಲಿಯೇ ತನ್ನ ರಂಗವನ್ನು ಸ್ಥಾಪಿಸಬೇಕೆಂದಿದ್ದನು. ಆ ಮಹಾನಗರದಲ್ಲಿ ಕಟ್ಟಡ ದೊರೆಯುವುದು ದುಸ್ಸಾಧ್ಯವಾಯಿತು. ದೊರೆತರೂ ಬಾಡಿಗೆಯನ್ನು ತೆರಲು ಬೇಕಾದ ಹಣ ಎಲ್ಲಿತ್ತು? ಕೊನೆಗೆ ಸ್ಟುಡಿಯೊ ಥಿಯೇಟರ್ ಎಂಬ ಆತನ ಸಂಘವು ಭಾನುವಾರಗಳಂದು ಸದಸ್ಯರಿಗಾಗಿ ನಾಟಕವಾಡಲು ಆಶ್ರಯ ಪಡೆದದ್ದು ಫಿಟ್ಸ್‌ರಾಯ್ ಚೌಕದಲ್ಲಿ ಭಾರತೀಯ ವಿದ್ಯಾರ್ಥಿಗಳ ವಸತಿಗೃಹಕ್ಕೆ ಸೇರಿದ್ದ ಮಹಾತ್ಮಾ ಗಾಂಧಿ ಸಭಾಂಗಣದಲ್ಲಿ. ಇಂಗ್ಲೆಂಡಿನ ರಂಗಭೂಮಿಯ ಒಂದು ನವಪ್ರಯೋಗಕ್ಕೆ, ರಾಜಧಾನಿಯ ಅನೇಕ ನಾಟಕಶಾಲೆಗಳ ನಡುವೆ, ನಮ್ಮ ದೇಶದ ಹುಡುಗರ ಹಾಸ್ಟೆಲಿನ ಅಂಗಣವು ನೆಲೆಕೊಟ್ಟಿತೆಂಬುದನ್ನು ನಾವು ಸಂತೋಷದಿಂದ ನೆನೆಯಬಹುದು. ಸ್ಕಾರ್ಬರೊ ಊರಿನ ಬಾಗಿಲನ್ನು ಆತನಿಗೆ ತೆರೆದವನು ಅಲ್ಲಿನ ಮುಖ್ಯ ಗ್ರಂಥಪಾಲಕ ವಿಲಿಯಂ ಸ್ಮೆಟೆಮ್. ಪುಸ್ತಕಗಳ ಪಾಲನೆಗೆ ನಿಯುಕ್ತನಾದ ಅಧಿಕಾರಿಯು ತನ್ನ ಆಲಯದ ಒಂದು ಕೊಠಡಿಯನ್ನು, ಹೆಸರೂ ಹಣವೂ ಇಲ್ಲದ ಒಂದು ಮೇಳಕ್ಕೆ, ಯಾರೂ ಕೇಳದ ಹೊಸ ಲೇಖಕರ ನಾಟಕಗಳಿಗಾಗಿ, ಬೇಸಿಗೆಯಿಡೀ ಬಿಟ್ಟುಕೊಟ್ಟನು. ಈ ಔದಾರ್ಯವನ್ನು ರಂಗಚರಿತ್ರೆಯ ಗ್ರಂಥಗಳು ಒಂದೆರಡು ಪಂಕ್ತಿಗಳಲ್ಲಿ ಮುಗಿಸಿಬಿಡುವುದು ನನಗೆ ಸರಿತೋರದು. ಆತನಿಲ್ಲದಿದ್ದಲ್ಲಿ ಮುಂದಣ ಕಥೆಯೇ ಇಲ್ಲ.

ವೃತ್ತರಂಗವನ್ನು ಜೋಸೆಫನು ಎತ್ತಿಹಿಡಿದುದಕ್ಕೆ ಎರಡು ಕಾರಣಗಳಿದ್ದುವು. ಒಂದು ಬಡತನದ್ದು, ಇನ್ನೊಂದು ಸಿದ್ಧಾಂತದ್ದು. ಚೌಕಟ್ಟಿನ ನಾಟಕಶಾಲೆಯನ್ನು ಕಟ್ಟಬೇಕಾದರೆ ಪರದೆಗಳನ್ನು ಮೇಲೆಳೆಯುವ ಗೋಪುರ, ಪಕ್ಕದ ಮರೆಗಳು, ಚಿತ್ರಪಟಗಳ ಉಗ್ರಾಣ, ಅವನ್ನೆಲ್ಲ ಹೊಂದಿಸುವ ಆಳುಗಳು, ಇಷ್ಟೂ ಅವಶ್ಯ. ವೃತ್ತರಂಗಕ್ಕಾದರೋ ಸಮತಟ್ಟಾದ ನೆಲವುಳ್ಳ ಯಾವುದೇ ಸಭಾಗೃಹವೂ, ಬಿಚ್ಚಿ ಜೋಡಿಸಬಹುದಾದ ಪೀಠಗಳೂ, ಮೇಲಿನಿಂದ ಇಳಿಬಿಟ್ಟ ಕೆಲವು ದೀಪಗಳೂ ಇದ್ದರೆ ಸಾಕು. ಬೇಸಿಗೆ ಮುಗಿದೊಡನೆ ಆ ಪೀಠಗಳನ್ನೇ ಗಾಡಿಗೇರಿಸಿಕೊಂಡು ಮೇಳವು ನಾಟಕಶಾಲೆಯೇ ಇಲ್ಲದ ಊರುಗಳಿಗೆ ಸಂಚಾರ ಹೊರಡುತ್ತಿತ್ತು. ನಟರೇ ಹೊರೆಯಾಳುಗಳು, ನಟರೇ ಬಡಗಿಗಳು. ಎರಡನೆಯ ಕಾರಣವು ಇದಕ್ಕಿಂತ ಆಳವಾದದ್ದು. 1955 ಎಂಬುದು ಇಂಗ್ಲೆಂಡಿನಲ್ಲಿ ಜಾಹೀರಾತಿನ ಹಣದಿಂದ ನಡೆಯತಕ್ಕ ಎರಡನೆಯ ಟೆಲಿವಿಷನ್ ಪ್ರಸಾರವು ಪ್ರಾರಂಭವಾದ ವರ್ಷ. ಜನರು ಮನೆಯ ಒಲೆಯ ಬಳಿ ಕುಳಿತೇ ನಾಟಕವನ್ನು ನೋಡತೊಡಗಿದ್ದರು. ಊರೂರುಗಳಲ್ಲಿ ನಾಟಕಶಾಲೆಗಳು ಮುಚ್ಚುತ್ತಿದ್ದುವು. ಚಿತ್ರಪಟದ ಭ್ರಮೆಯನ್ನು ನಿರ್ಮಿಸುವುದರಲ್ಲಿ ಸಿನೆಮಾದೊಡನೆ ರಂಗಭೂಮಿಯು ಸ್ಪರ್ಧಿಸಿದರೆ ಸೋಲು ನಿಶ್ಚಿತ. ಯಾವ ಯಂತ್ರವೂ ಕೊಡಲಾರದ ಒಂದು ವಸ್ತು ರಂಗಭೂಮಿಯಲ್ಲಿದೆ. ಅದು ಜೀವಂತ ನಟನ ಸಾನ್ನಿಧ್ಯ. ಉಳಿದುದನ್ನೆಲ್ಲ ತೊರೆದು ಅದೊಂದನ್ನೇ ಪ್ರೇಕ್ಷಕರ ಮಡಿಲಿಗೆ ತಂದು ಹಾಕಬೇಕೆಂಬುದು ಆತನ ವಾದ.

ಹೀಗೆ ಆಡುವ ನಟನ ಕಷ್ಟಸುಖಗಳನ್ನು ಸ್ವಲ್ಪ ವಿಚಾರಿಸಬೇಕು. ಚೌಕಟ್ಟಿನ ರಂಗದಲ್ಲಿ ಅಭಿನಯವು ಒಂದೇ ದಿಕ್ಕಿಗೆ ಹರಿಯುತ್ತದೆ. ಪ್ರಿಯೆಯೊಡನೆ ಸಂಭಾಷಿಸುವಾಗಲೂ ನಟನು ಅರೆಮುಖವನ್ನು ಸಭೆಗೆ ತಿರುಗಿಸಿರಬೇಕಾಗುತ್ತದೆ. ವೃತ್ತರಂಗದಲ್ಲಿ ಆ ಕೃತಕತೆಗೆ ಎಡೆಯಿಲ್ಲ. ಇಬ್ಬರು ಎದುರುಬದುರು ನಿಂತು ಮಾತಾಡುವುದಾದರೆ ಲೋಕದಲ್ಲಿ ನಿಲ್ಲುವಂತೆಯೇ ನಿಲ್ಲಬಹುದು. ಆದರೆ ಒಂದೇ ಭಂಗಿಯಲ್ಲಿ ಬಹಳ ಹೊತ್ತು ನಿಂತರೆ ಸಭೆಯ ಒಂದು ಭಾಗಕ್ಕೆ ಬರಿಯ ಬೆನ್ನೇ ಕಾಣುವುದರಿಂದ, ಮಾತಿನ ತಿರುವಿಗೆ ಸರಿಯಾಗಿ, ಕಾರಣವಿಲ್ಲದ ಚಲನೆಯೆಂದು ತೋರದ ಹಾಗೆ, ಸ್ಥಾನವನ್ನು ಬದಲಿಸುತ್ತಿರಬೇಕು. ಆದಕಾರಣ ಬೆನ್ನೂ ಅಭಿನಯವನ್ನು ಕಲಿಯಬೇಕಾಗುತ್ತದೆ: ಹೆಗಲಿನ ಒಂದು ಕುಸಿತ, ಕತ್ತಿನ ಒಂದು ಬಿಗುಪು, ಹಿಂದಕ್ಕೆ ಕಟ್ಟಿದ ಕೈಬೆರಳುಗಳ ಒಂದು ಚಡಪಡಿಕೆ, ಇವುಗಳಿಂದಲೇ ಹಿಂದೆ ಕುಳಿತವನು ಮುಖದ ಭಾವವನ್ನು ಊಹಿಸಿಕೊಳ್ಳುವಂತಿರಬೇಕು. ಸುಳ್ಳಿಗೆ ಅಲ್ಲಿ ಮರೆಯಿಲ್ಲ. ದೂರದ ರಂಗದಲ್ಲಿ ಸಲ್ಲುವ ಅತಿಶಯದ ಹಾವಭಾವವು ನಾಲ್ಕು ಮಾರು ಅಂತರದಲ್ಲಿ ಕುಳಿತವನಿಗೆ ಅಸಹ್ಯವಾಗಿ ತೋರುತ್ತದೆ. ಬದಲಾಗಿ ಕಣ್ಣರೆಪ್ಪೆಯ ಒಂದು ಅದುರೂ ಕೊನೆಯ ಸಾಲಿನವರೆಗೆ ಮುಟ್ಟುತ್ತದೆ.

ರಂಗಸಜ್ಜಿಕೆಯ ಕಲೆಯೂ ಇದರಿಂದ ಮಾರ್ಪಾಡು ಹೊಂದಿತು. ಗೋಡೆಯನ್ನಾಗಲಿ ಬಾಗಿಲನ್ನಾಗಲಿ ನಿಲ್ಲಿಸಿದರೆ ಒಂದು ಪಕ್ಕದವರ ದೃಷ್ಟಿಗೆ ಅಡ್ಡವಾಗುವುದರಿಂದ, ಕುರ್ಚಿ ಮೇಜುಗಳೂ ತಗ್ಗಾದವೇ ಆಗಿರಬೇಕಾದ್ದರಿಂದ, ಕಲಾವಿದನ ಗಮನವೆಲ್ಲ ನೆಲದ ಕಡೆಗೆ ಇಳಿಯಿತು. ನೆಲದ ಹಾಸು, ಕಲ್ಲುಚಪ್ಪಡಿಯ ಬಣ್ಣ, ಹುಲ್ಲಿನ ಅಂಚು, ಇವೇ ಸ್ಥಳವನ್ನು ಸೂಚಿಸತಕ್ಕವು. ಕೈಯಲ್ಲಿ ಹಿಡಿದ ಬಟ್ಟಲೂ ಮೇಜಿನ ಮೇಲಿನ ಪತ್ರವೂ ನಿಜವಾದವೇ ಆಗಿರಬೇಕು, ಏಕೆಂದರೆ ಮುಂದಿನ ಸಾಲಿನವನು ಅದರ ಮೇಲಿನ ಬರಹವನ್ನು ಓದಬಲ್ಲನು. ದೀಪವು ಒಂದು ಕಡೆಯ ನಟನ ಮುಖವನ್ನು ಬೆಳಗುವಾಗ ಎದುರು ಕಡೆಯ ಪ್ರೇಕ್ಷಕನ ಕಣ್ಣನ್ನು ಕುಕ್ಕದಂತೆ ಕಡಿದಾಗಿ ಮೇಲಿನಿಂದಲೇ ಬೀಳಬೇಕು. ಅಂಕ ಮುಗಿದಾಗ ಇಳಿಬೀಳಲು ಪರದೆಯಿಲ್ಲದ್ದರಿಂದ ದೀಪಗಳನ್ನು ಆರಿಸುತ್ತಾರೆ. ಆ ಕಗ್ಗತ್ತಲೆಯಲ್ಲಿ ನಟರು ಪ್ರೇಕ್ಷಕರ ನಡುವಣ ದಾರಿಗಳಿಂದಲೇ ನಿರ್ಗಮಿಸುತ್ತಾರೆ.

ಆದರೆ ಈ ರಂಗದ ಅತ್ಯಂತ ದೊಡ್ಡ ಆಕರ್ಷಣೆಯು ನಟನ ಸಾಮೀಪ್ಯಕ್ಕಿಂತಲೂ ಬೇರೊಂದರಲ್ಲಿದೆಯೆಂದು ನನ್ನ ಮತ. ಪ್ರೇಕ್ಷಕನು ಯಾವ ದಿಕ್ಕಿಗೆ ನೋಡಲಿ, ನಾಟಕದ ಹಿನ್ನೆಲೆಯಾಗಿ ಆತನಿಗೆ ಕಾಣುವುದು ತನ್ನ ಊರಿನ ಜನರ ಮುಖಗಳು. ಹಸೆಯ ಸುತ್ತ ನೆರೆದ ನೆಂಟರಿಷ್ಟರಂತೆ ಎಲ್ಲರೂ ಒಂದೇ ಕಾರ್ಯಕ್ಕೆ ಸಾಕ್ಷಿಗಳಾಗಿ, ಒಬ್ಬರ ನಗೆಯಿಂದ ಇನ್ನೊಬ್ಬರ ನಗೆ ಹೊತ್ತಿ, ಒಬ್ಬರ ಮೌನವನ್ನು ಇನ್ನೊಬ್ಬರು ಕಂಡು ತಾವೂ ಮೌನವಾಗಿ, ಒಂದು ಸಮುದಾಯವಾಗುತ್ತಾರೆ. ಚೌಕಟ್ಟಿನ ನಾಟಕಶಾಲೆಯಲ್ಲಿ ರಾಜವರ್ಗದವರು ಉಪ್ಪರಿಗೆಯ ಬಾಕ್ಸುಗಳಲ್ಲಿಯೂ ಬಡವರು ಅಟ್ಟದ ತುದಿಯಲ್ಲಿಯೂ ಕುಳಿತು ಬೇರೆ ಬೇರೆ ನಾಟಕಗಳನ್ನೇ ನೋಡುತ್ತಿದ್ದರು ಎನ್ನಬಹುದು. ಇಲ್ಲಿ ಎಲ್ಲ ಆಸನಗಳೂ ಹೆಚ್ಚುಕಡಿಮೆ ಸಮಾನ. ಇದು ರಾಜಧಾನಿಗಿಂತ ಪ್ರಾಂತದ ಊರುಗಳಲ್ಲಿಯೇ ಫಲಿಸಿದ್ದು ಆಕಸ್ಮಿಕವಲ್ಲ. ಎದುರು ಸಾಲಿನ ಮುಖವನ್ನು ಗುರುತಿಸಬಲ್ಲ ಊರಿನಲ್ಲಿ ಅದಕ್ಕೆ ಅರ್ಥ ಹೆಚ್ಚು.

ಸ್ಕಾರ್ಬರೊದ ಪುಸ್ತಕಾಲಯರಂಗಕ್ಕೆ ಲಂಡನ್ನಿನಲ್ಲಿ ಗೆದ್ದು ಬಂದ ನಾಟಕಗಳು ಮುಖ್ಯವಾಗಿರಲಿಲ್ಲ. ಹೊಸಬರು ಬರೆಯಬೇಕು; ಸಾಧ್ಯವಾದರೆ ಮೇಳದವರೇ ಬರೆಯಬೇಕು; ಬರೆದುದು ಈ ರಂಗಕ್ಕೆಂದೇ ಹುಟ್ಟಿರಬೇಕು ಎಂಬುದು ಜೋಸೆಫನ ಹಟ. ಡೇವಿಡ್ ಕ್ಯಾಂಪ್ಟನ್ ಎಂಬಾತನು ಹೀಗೆ ಆತನ ನೆರಳಿನಲ್ಲಿ ಬೆಳೆದ ಮೊದಲಿಗರಲ್ಲೊಬ್ಬ. 1957ರಲ್ಲಿ ರಂಗವ್ಯವಸ್ಥೆಯ ಸಣ್ಣಪುಟ್ಟ ಕೆಲಸಗಳಿಗೂ ಚಿಕ್ಕ ಪಾತ್ರಗಳಿಗೂ ಆಗಿ ಬಂದು ಸೇರಿದ ಹದಿನೆಂಟು ವಯಸ್ಸಿನ ತರುಣ ಅಲನ್ ಏಕ್‌ಬರ್ನ್ ತನಗೆ ಒದಗಿದ ಪಾತ್ರದ ವಿಷಯವಾಗಿ ಗೊಣಗಿದಾಗ, ಇದಕ್ಕಿಂತ ಒಳ್ಳೆಯದು ಬೇಕಾದರೆ ನೀನೇ ಬರೆದುಕೋ ಎಂದು ಜೋಸೆಫನು ಸವಾಲು ಹಾಕಿದ ಸಂಗತಿಯು ಆ ರಂಗದ ಪುರಾಣವೇ ಆಗಿಹೋಗಿದೆ. ಅದರ ಫಲ 1959ರ ‘ದಿ ಸ್ಕ್ವೇರ್ ಕ್ಯಾಟ್’. ಅದಕ್ಕೆ ಲೇಖಕನ ಹೆಸರಾಗಿ ಇಟ್ಟುಕೊಂಡದ್ದು ರೋಲಂಡ್ ಅಲನ್ ಎಂಬ ಅಂಕಿತ. ಅದೇ ವರ್ಷದ ಆರಂಭದಲ್ಲಿ ಹೆರಾಲ್ಡ್ ಪಿಂಟರ್ ತನ್ನ ‘ದಿ ಬರ್ತ್‌ಡೇ ಪಾರ್ಟಿ’ ನಾಟಕವನ್ನು ಈ ಮೇಳಕ್ಕಾಗಿ ತಾನೇ ನಿರ್ದೇಶಿಸಿದನು; ಹಿಂದಿನ ವರ್ಷ ಲಂಡನ್ನಿನಲ್ಲಿ ವಿಮರ್ಶಕರ ತಿರಸ್ಕಾರಕ್ಕೆ ಗುರಿಯಾಗಿ ಒಂದೇ ವಾರದಲ್ಲಿ ನಿಂತುಹೋಗಿದ್ದ ಆ ಕೃತಿಗೆ ಮರುಜೀವ ಬಂದುದು ಹೀಗೆ. ಅದರಲ್ಲಿ ಸ್ಟ್ಯಾನ್ಲಿಯ ಪಾತ್ರವನ್ನು ವಹಿಸಿದವನು ಏಕ್‌ಬರ್ನ್.

ಜೋಸೆಫನ ಆ ಸವಾಲಿನಿಂದ ಹೊರಟ ಏಕ್‌ಬರ್ನನ ನಾಟಕಪ್ರವಾಹವು ಇಂದಿಗೂ ನಿಂತಿಲ್ಲ. 80ಕ್ಕೂ ಮಿಕ್ಕ ನಾಟಕಗಳು. ಅವುಗಳಲ್ಲಿ ಬಹುಪಾಲು ಸ್ಕಾರ್ಬರೊದಲ್ಲಿ ಮೊದಲು ಬೆಳಕು ಕಂಡವು. ಇವು ಮೇಲುನೋಟಕ್ಕೆ ಮಧ್ಯಮವರ್ಗದ ಮನೆಗಳ ವಿನೋದದ ಕಥೆಗಳೆಂದು ತೋರಿದರೂ, ರಂಗದ ಆಕಾರವೇ ಅವುಗಳ ರಚನೆಯೊಳಕ್ಕೆ ಸೇರಿಕೊಂಡಿರುವುದನ್ನು ಗಮನಿಸಬೇಕು. ಗೋಡೆಗಳಿಲ್ಲದ ನೆಲದ ಮೇಲೆ ಸ್ಥಳವೆಂಬುದು ನಟನ ನಡಿಗೆಯಿಂದಲೂ ಪ್ರೇಕ್ಷಕನ ಒಪ್ಪಿಗೆಯಿಂದಲೂ ಹುಟ್ಟುವುದರಿಂದ, ಒಂದೇ ಜಾಗದಲ್ಲಿ ಎರಡು ಮನೆಗಳು ಏಕಕಾಲಕ್ಕೆ ಇರಬಲ್ಲವು. 1969ರ ‘ಹೌ ದಿ ಅದರ್ ಹಾಫ್ ಲವ್ಸ್’ ನಾಟಕದಲ್ಲಿ ಎರಡು ಸಂಸಾರಗಳ ಹಜಾರಗಳು ಒಂದರ ಮೇಲೊಂದು ಹೊದಿಸಿದಂತೆ ಇದ್ದು, ಒಬ್ಬರನ್ನೊಬ್ಬರು ಕಾಣದೆಯೇ ಎರಡು ಮನೆಯವರೂ ಅಲ್ಲಿ ಸಂಚರಿಸುತ್ತಾರೆ. 1979ರ ‘ಟೇಕಿಂಗ್ ಸ್ಟೆಪ್ಸ್’ ಇದಕ್ಕೂ ಒಂದು ಹೆಜ್ಜೆ ಮುಂದೆ. ಹಳೆಯ ಬಂಗಲೆಯೊಂದರ ಮೂರು ಅಂತಸ್ತುಗಳೂ ಅವುಗಳ ನಡುವಣ ಮೆಟ್ಟಿಲುಗಳೂ ಒಂದೇ ಸಮತಲದ ನೆಲದ ಮೇಲೆ ಹಾಸಿವೆ. ನಟರು ಸಮನೆಲದಲ್ಲಿಯೇ ಮೆಟ್ಟಿಲನ್ನು ಏರಿ ಇಳಿಯುವಂತೆ ಓಡಾಡುತ್ತಾರೆ. ಕೆಳಗಣ ಕೋಣೆಯವನೂ ಅಟ್ಟದ ಮೇಲಿನವಳೂ ಒಂದು ಮೊಳದ ಅಂತರದಲ್ಲಿದ್ದರೂ ಪರಸ್ಪರರಿಗೆ ಅಗೋಚರರು. ಸುತ್ತಲೂ ಏರಿದ ಸಾಲುಗಳಿಂದ ಕೆಳಗೆ ನೋಡುವ ಪ್ರೇಕ್ಷಕನು ಮನೆಯ ಮಾಡನ್ನು ತೆಗೆದು ಇಣುಕಿದವನಂತೆ ಇದೆಲ್ಲವನ್ನೂ ಕಾಣುತ್ತಾನೆ; ಚೌಕಟ್ಟಿನ ರಂಗದಲ್ಲಿ ನೆಲವೇ ಸರಿಯಾಗಿ ಕಾಣದಾದ್ದರಿಂದ ಈ ನಾಟಕದ ಅರ್ಧ ಸೊಗಸು ಅಲ್ಲಿ ಸೋರಿಹೋಗುತ್ತದೆ.

ಇನ್ನು ಈ ವೃತ್ತಾಂತದ ಎರಡನೆಯ ನೆಲೆಗೆ ಬರಬೇಕು. ಇಂಗ್ಲೆಂಡಿನ ಮಧ್ಯಭಾಗದ ಉತ್ತರ ಸ್ಟ್ಯಾಫರ್ಡ್‌ಷೈರ್ ಕುಂಬಾರಿಕೆಯ ನಾಡು. ಟನ್‌ಸ್ಟಲ್, ಬರ್ಸ್‌ಲೆಮ್, ಹ್ಯಾನ್ಲಿ, ಸ್ಟೋಕ್, ಫೆಂಟನ್, ಲಾಂಗ್‌ಟನ್ ಎಂಬ ಆರು ಊರುಗಳು, ಪ್ರಸಿದ್ಧ ಕುಂಬಾರ ವೆಜ್‌ವುಡ್ಡನ ಕಾಲದಿಂದಲೂ ಪಿಂಗಾಣಿಯ ಪಾತ್ರೆಗಳನ್ನು ಜಗತ್ತಿಗೆಲ್ಲ ಕಳುಹಿಸುತ್ತಿದ್ದು, 1910ರಲ್ಲಿ ಒಂದೇ ಪೌರಸಂಸ್ಥೆಯಾಗಿ ಕೂಡಿಕೊಂಡುವು, ಅದೇ ಸ್ಟೋಕ್-ಆನ್-ಟ್ರೆಂಟ್. ಜೋಸೆಫನ ಮೇಳವು ಚಳಿಗಾಲದ ಸಂಚಾರದಲ್ಲಿ ನೆರೆಯ ನ್ಯೂಕಾಸಲ್-ಅಂಡರ್-ಲೈಮ್ ಊರಿಗೆ ಮತ್ತೆ ಮತ್ತೆ ಬರುತ್ತಿದ್ದು, ಅಲ್ಲಿ ಸ್ಥಿರವಾದ ರಂಗವೊಂದನ್ನು ಕಟ್ಟುವ ಯೋಜನೆ ಮುರಿದುಬಿದ್ದ ಮೇಲೆ, ಸ್ಟೋಕಿನ ಹಾರ್ಟ್ಸ್‌ಹಿಲ್ ಬಡಾವಣೆಯಲ್ಲಿ ಹಳೆಯ ಒಂದು ಸಿನೆಮಾ ಮಂದಿರವನ್ನು ಹಿಡಿದು, 1962ರ ಅಕ್ಟೋಬರಿನಲ್ಲಿ ವಿಕ್ಟೋರಿಯಾ ಥಿಯೇಟರ್ ಎಂಬ ಹೆಸರಿನಿಂದ ತೆರೆಯಿತು. ವರ್ಷವಿಡೀ ನಡೆಯತಕ್ಕ ಸ್ಥಿರವಾದ ವೃತ್ತರಂಗವು ಬ್ರಿಟನ್ನಿನಲ್ಲಿ ಅದೇ ಮೊದಲನೆಯದು. ಅದರ ಸೂತ್ರಧಾರನಾಗಿ ನಿಯುಕ್ತನಾದ ಪೀಟರ್ ಚೀಸ್‌ಮನ್ ಆಗ ಮೂವತ್ತರ ತರುಣ. ಆತನು ಅಲ್ಲಿಂದ ನಿವೃತ್ತನಾದುದು 1998ರಲ್ಲಿ.

ಚೀಸ್‌ಮನ್ನನ ವಿಷಯದಲ್ಲಿ ನನಗಿರುವ ಗೌರವವನ್ನು ಮರೆಮಾಡಲಾರೆ. ನಾಟಕಶಾಲೆಗೆ ಎಂದೂ ಕಾಲಿಡದ ಗಣಿಗಾರರೂ ಕುಂಬಾರರೂ ಉಕ್ಕಿನ ಕೆಲಸದವರೂ ತಮ್ಮದೆಂದು ಭಾವಿಸತಕ್ಕ ರಂಗವನ್ನು ಕಟ್ಟುವುದು ಹೇಗೆಂಬ ಪ್ರಶ್ನೆಗೆ ಆತನು ಕಂಡುಕೊಂಡ ಉತ್ತರವು ಸರಳವೂ ದಿಟ್ಟವೂ ಆದುದು: ಅವರ ಚರಿತ್ರೆಯನ್ನೇ ಅವರಿಗೆ ಆಡಿ ತೋರಿಸುವುದು. ನಟರು ಪುಸ್ತಕಾಲಯಗಳಿಗೆ ಹೋಗಿ ಹಳೆಯ ವೃತ್ತಪತ್ರಿಕೆಗಳನ್ನೂ ಕಡತಗಳನ್ನೂ ಶೋಧಿಸಿದರು. ಟೇಪ್ ರೆಕಾರ್ಡರನ್ನು ಹೊತ್ತು ಮುದುಕರ ಮನೆಗಳಿಗೆ ನಡೆದು ಅವರ ನೆನಪುಗಳನ್ನು ಅವರ ನುಡಿಯಲ್ಲಿಯೇ ಸಂಗ್ರಹಿಸಿದರು. ಮೂಲ ದಾಖಲೆಯಲ್ಲಿ ಇಲ್ಲದ ಮಾತನ್ನು ಲೇಖಕನು ಕಲ್ಪಿಸಿ ಸೇರಿಸಕೂಡದೆಂಬುದು ಚೀಸ್‌ಮನ್ನನ ಕಟ್ಟುನಿಟ್ಟು. ಹೀಗೆ 1964ರಲ್ಲಿ ಕುಂಬಾರರ ಕಥೆಯಾದ ‘ದಿ ಜಾಲಿ ಪಾಟರ್ಸ್’, 1966ರಲ್ಲಿ ಉತ್ತರ ಸ್ಟ್ಯಾಫರ್ಡ್‌ಷೈರ್ ರೈಲ್ವೆಯ ಕಥೆಯಾದ ‘ದಿ ನಾಟಿ’, 1968ರಲ್ಲಿ ಆರು ಊರುಗಳ ಕೂಡುವಿಕೆಯನ್ನು ಕುರಿತ ‘ಸಿಕ್ಸ್ ಇಂಟು ಒನ್’ ರಂಗಕ್ಕೆ ಬಂದುವು.

ಇವುಗಳಲ್ಲಿ ‘ದಿ ನಾಟಿ’ ಸರ್ವಶ್ರೇಷ್ಠವೆಂದು ಬಲ್ಲವರು ಎಣಿಸುತ್ತಾರೆ. ಸ್ಟ್ಯಾಫರ್ಡ್‌ಷೈರಿನ ಗಂಟಿನ (‘ನಾಟ್’) ಲಾಂಛನದಿಂದ ಆ ಅಕ್ಕರೆಯ ಹೆಸರನ್ನು ಪಡೆದಿದ್ದ ರೈಲ್ವೆಯು 1923ರಲ್ಲಿ ಒಂದು ಮಹಾಸಂಸ್ಥೆಯಲ್ಲಿ ಲೀನವಾಗಿ ಕಣ್ಮರೆಯಾಗಿತ್ತು. ಅದರಲ್ಲಿ ದುಡಿದ ಮುದುಕರು ಇನ್ನೂ ಬದುಕಿದ್ದರು. ಬರಿಯ ನೆಲದ ಮೇಲೆ ನಟರು ತಮ್ಮ ಹಾಡಿನಿಂದಲೂ ಕೈಕಾಲುಗಳ ಲಯದಿಂದಲೂ ರೈಲನ್ನು ಓಡಿಸಿದರು. ನಡುನಡುವೆ ಟೇಪಿನಲ್ಲಿ ಮುದ್ರಿತವಾದ ಮುದುಕರ ದನಿಗಳೇ ಸಭಾಂಗಣವನ್ನು ತುಂಬಿದುವು. ಎಂಜಿನಿಗೆ ಕಲ್ಲಿದ್ದಲು ತುಂಬಿದವನ ಮಾತನ್ನು ನಟನು ಆಡುವಾಗ ಆತನ ಭುಜದ ಆಚೆಗೆ ಅದೇ ಕೆಲಸ ಮಾಡಿ ಮುದಿಯಾದವರ ಮುಖಗಳು ಕಾಣಬಹುದಾದ ರಂಗವೆಂದರೆ ಅದೇ. ಜೋಸೆಫನು ಪ್ರತಿಪಾದಿಸಿದ ಸಾಮೀಪ್ಯವು ನಟಪ್ರೇಕ್ಷಕರ ನಡುವಣದ್ದಾಗಿತ್ತು. ಅದನ್ನು ಊರಿಗೂ ಅದರ ಗತಕಾಲಕ್ಕೂ ನಡುವಣ ಸಾಮೀಪ್ಯವಾಗಿ ಚೀಸ್‌ಮನ್ನನು ಬೆಳೆಸಿದನು. 1974ರಲ್ಲಿ ಶೆಲ್ಟನ್ ಬಾರ್ ಎಂಬ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ಆಪತ್ತು ಬಂದಾಗ ಅವನು ಗತಕಾಲವನ್ನೂ ಬಿಟ್ಟು, ಕಾರ್ಮಿಕರ ಹೋರಾಟ ಸಮಿತಿಯೊಡನೆ ಸೇರಿ, ಇನ್ನೂ ಮುಗಿಯದಿದ್ದ ಹೋರಾಟವನ್ನೇ ನಾಟಕವಾಗಿಸಿದನು. ಉಕ್ಕಿನ ಕುಲುಮೆಗಳು 1978ರಲ್ಲಿ ಆರಿದುವು. ನಾಟಕದಿಂದ ಅವು ಉಳಿಯಲಿಲ್ಲ. ಅಂದಿನ ಜನರ ಮಾತು ಮಾತ್ರ ಉಳಿದಿದೆ.

ಈ ವೈಭವದ ನಡುವೆ ಒಂದು ನೋವಿನ ಅಧ್ಯಾಯವೂ ಇದೆ. ಅರವತ್ತರ ದಶಕದ ನಡುವಿನಲ್ಲಿ ಜೋಸೆಫನಿಗೂ ಚೀಸ್‌ಮನ್ನನಿಗೂ ವಿಕ್ಟೋರಿಯಾ ರಂಗದ ಆಡಳಿತದ ವಿಷಯದಲ್ಲಿ ತೀವ್ರವಾದ ವಿರಸ ಬೆಳೆಯಿತು. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ನಾಟಕದ ಅಧ್ಯಾಪನವನ್ನು ಕೈಗೊಂಡಿದ್ದ ಜೋಸೆಫನನ್ನು ಆ ವೇಳೆಗೆ ವ್ಯಾಧಿಯು ಮುತ್ತಿತ್ತು; ತನ್ನ ಜೀವಮಾನದ ವಿಚಾರಗಳನ್ನೆಲ್ಲ ‘ಥಿಯೇಟರ್ ಇನ್ ದಿ ರೌಂಡ್’ ಎಂಬ ಗ್ರಂಥದಲ್ಲಿ ನಿರೂಪಿಸಿ, ಅದು ಪ್ರಕಟವಾದ 1967ರಲ್ಲಿಯೇ, ನಲವತ್ತಾರರ ವಯಸ್ಸಿನಲ್ಲಿ ಆತನು ತೀರಿಕೊಂಡನು. ತಾನು ನೆಟ್ಟ ಎರಡು ಸಸಿಗಳೂ ಮರಗಳಾದುದನ್ನು ಕಾಣುವ ಭಾಗ್ಯ ಆತನಿಗಿರಲಿಲ್ಲ. ಸ್ಕಾರ್ಬರೊದಲ್ಲಿ ರಂಗವು ನಿಂತೇಹೋಗುವ ಸ್ಥಿತಿ ಬಂದಾಗ ಅದನ್ನು ಹಿಡಿದು ನಿಲ್ಲಿಸಿದವರಲ್ಲಿ ಕೆನ್ ಬೋಡನ್ ಎಂಬ ವ್ಯವಸ್ಥಾಪಕನ ಹೆಸರನ್ನು ಕೃತಜ್ಞತೆಯಿಂದ ಹೇಳಬೇಕು.

ಈ ಎರಡು ಊರುಗಳ ಆಚೆಗೂ ಇಂಥ ರಂಗವು ಕಾಣಿಸಿಕೊಂಡಿತು: 1976ರಲ್ಲಿ ಮ್ಯಾಂಚೆಸ್ಟರಿನ ಹಳೆಯ ಹತ್ತಿ ವಿನಿಮಯ ಮಂದಿರದೊಳಗೆ ರಾಯಲ್ ಎಕ್ಸ್‌ಚೇಂಜ್ ಎಂಬ ವೃತ್ತರಂಗವು ತೆರೆಯಿತು. ಏಳು ಮುಖಗಳ ಉಕ್ಕುಗಾಜಿನ ಸಂಪುಟವೊಂದನ್ನು, ನೆಲವು ಭಾರ ತಾಳದೆಂದು, ನಾಲ್ಕು ಮಹಾಸ್ತಂಭಗಳ ಆಧಾರದಲ್ಲಿ ನಿಲ್ಲಿಸಿದ್ದಾರೆ. ಏಳುನೂರಕ್ಕೂ ಹೆಚ್ಚು ಜನ ಹಿಡಿಸುವ ಅದರ ವಿಚಾರ ಇಲ್ಲಿ ಪ್ರಾಸಂಗಿಕ. ಆದರೆ ಕನ್ನಡಿಗನು ಆ ಮಂದಿರದ ಹೆಸರನ್ನು ಸುಮ್ಮನೆ ದಾಟಿ ಹೋಗಲಾರನು. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಹತ್ತಿ ಬರುವುದು ನಿಂತಾಗ ಮ್ಯಾಂಚೆಸ್ಟರಿನ ವರ್ತಕರು ಧಾರವಾಡದ ಕರಿನೆಲದ ಕಡೆಗೆ ಕಣ್ಣು ಹೊರಳಿಸಿದರು. ಆ ಹತ್ತಿಯನ್ನು ಸಾಗಿಸಲು ಕಾರವಾರದಲ್ಲಿ ಬಂದರು ಬೇಕೆಂದು ಅವರು ಒತ್ತಾಯ ಹೇರಿದ ಕಾಲದಲ್ಲಿಯೇ, 1862ರಲ್ಲಿ, ಉತ್ತರ ಕನ್ನಡವು ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ನಮ್ಮ ರೈತನ ಬೆವರಿಗೆ ಬೆಲೆ ಕಟ್ಟಿದ ಆ ಅಂಗಣದಲ್ಲಿ ಇಂದು ನಾಟಕ ನಡೆಯುತ್ತದೆ. ವ್ಯಾಪಾರವು ನಿಂತ 1968ರ ಕೊನೆಯ ದಿನದ ಧಾರಣೆಗಳನ್ನು ತೋರುವ ಫಲಕವು ಇನ್ನೂ ಗೋಡೆಯ ಮೇಲಿದೆ.

ಜೋಸೆಫನು ನೆಟ್ಟ ಸಸಿಗಳ ಕಥೆಗೆ ಮರಳಿದರೆ, ಸ್ಟೋಕಿನವರು 1986ರಲ್ಲಿ ನ್ಯೂಕಾಸಲ್-ಅಂಡರ್-ಲೈಮ್ ಊರಿನಲ್ಲಿ ನ್ಯೂ ವಿಕ್ ಎಂಬ ತಮ್ಮದೇ ಕಟ್ಟಡಕ್ಕೆ ಹೋದರು; ಬುನಾದಿಯಿಂದಲೇ ವೃತ್ತರಂಗವಾಗಿ ಕಟ್ಟಲಾದುದು ಯೂರೋಪಿನಲ್ಲಿ ಅದೇ ಮೊದಲನೆಯದೆಂದು ಖ್ಯಾತಿ. ಸ್ಕಾರ್ಬರೊದವರಿಗೆ ಹಾದಿ ಇನ್ನೂ ಉದ್ದವಾಗಿತ್ತು. 1972ರಲ್ಲಿ ಏಕ್‌ಬರ್ನ್ ರಂಗದ ನಿರ್ದೇಶಕತ್ವವನ್ನು ವಹಿಸಿಕೊಂಡನು. 1976ರಲ್ಲಿ ಮೇಳವು ಪುಸ್ತಕಾಲಯವನ್ನು ಬಿಟ್ಟು, ವೆಸ್ಟ್‌ವುಡ್ಡಿನಲ್ಲಿದ್ದ ಹಳೆಯ ಬಾಲಕರ ಪ್ರೌಢಶಾಲೆಯ ಕೆಳ ಅಂತಸ್ತಿಗೆ ತಾತ್ಕಾಲಿಕವಾಗಿ ಎಂದು ಹೋಗಿ ಇಪ್ಪತ್ತು ವರ್ಷ ಅಲ್ಲಿಯೇ ಉಳಿಯಿತು. ಲೋಕಪ್ರಸಿದ್ಧವಾದ ‘ದಿ ವುಮನ್ ಇನ್ ಬ್ಲ್ಯಾಕ್’ 1987ರ ಕ್ರಿಸ್‌ಮಸ್ ಕಾಲದಲ್ಲಿ, ಹಣ ಸಾಲದೆ ಕೆಲವೇ ನಟರಿಗೆ ಒಗ್ಗಿಸಿ ಬರೆದ ನಾಟಕವಾಗಿ, ಇಲ್ಲಿಯ ಪಾನಗೃಹದ ಮೂಲೆಯಲ್ಲಿ ಮೊದಲು ಆಡಲ್ಪಟ್ಟು, ಬಳಿಕ ಲಂಡನ್ನಿನ ಫಾರ್ಚೂನ್ ರಂಗಮಂದಿರದಲ್ಲಿ 1989ರಿಂದ 2023ರವರೆಗೆ ನಡೆಯಿತು. ರೈಲುನಿಲ್ದಾಣದ ಎದುರಿಗೆ 1936ರಲ್ಲಿ ಕಟ್ಟಿದ್ದ ಓಡಿಯನ್ ಸಿನೆಮಾ ಮಂದಿರವು 1988ರಲ್ಲಿ ಮುಚ್ಚಿದ ಮೇಲೆ ಅದನ್ನು ಪಡೆದು, ಒಳಗೆಲ್ಲ ಮಾರ್ಪಡಿಸಿ, 1996ರ ಏಪ್ರಿಲ್ ತಿಂಗಳಲ್ಲಿ ಸ್ಟೀಫನ್ ಜೋಸೆಫನ ಹೆಸರಿನಿಂದಲೇ ತೆರೆದರು. ಸಿನೆಮಾ ನುಂಗಿಹಾಕುವುದೆಂದು ಎಲ್ಲರೂ ಹೆದರಿದ್ದ ಈ ಕಲೆಯು ಸ್ಟೋಕಿನಲ್ಲಿಯೂ ಸ್ಕಾರ್ಬರೊದಲ್ಲಿಯೂ ಸಿನೆಮಾ ಬಿಟ್ಟುಹೋದ ಮನೆಯಲ್ಲಿಯೇ ನೆಲೆಗೊಂಡಿತು.

ಹೊಸ ಮಂದಿರದ ವೃತ್ತರಂಗದಲ್ಲಿ 404 ಆಸನಗಳಿವೆ. ರಂಗದ ನೆಲವನ್ನು ಯಂತ್ರದಿಂದ ಕೆಳಗಿಳಿಸಿ ಮುಂದಿನ ನಾಟಕದ ಸಲಕರಣೆಗಳೊಡನೆ ಮೇಲಕ್ಕೆ ಎತ್ತುವ ಏರ್ಪಾಡಿದೆ. ನೆತ್ತಿಯ ಮೇಲೆ ಬಿಗಿದ ತಂತಿಬಲೆಯ ಮೇಲೆ ಕೆಲಸಗಾರರು ನಡೆದಾಡುತ್ತಲೇ ದೀಪಗಳನ್ನು ಹೊಂದಿಸುತ್ತಾರೆ. ಅದೇ ಕಟ್ಟಡದಲ್ಲಿ ಮೆಕಾರ್ಥಿ ಎಂಬ ಚಿಕ್ಕ ಸಭಾಂಗಣವೂ ಇದೆ. ಅಲ್ಲಿ ಪ್ರೇಕ್ಷಕರೆಲ್ಲ ಒಂದೇ ದಿಕ್ಕಿಗೆ ಕೂರುತ್ತಾರೆ. ಈ ಎರಡು ರಂಗಗಳನ್ನೂ ಒಟ್ಟಿಗೆ ಬಳಸಿಕೊಳ್ಳಬೇಕೆಂದು 1999ರಲ್ಲಿ ಏಕ್‌ಬರ್ನ್ ‘ಹೌಸ್’ ಮತ್ತು ‘ಗಾರ್ಡನ್’ ಎಂಬ ಜೋಡಿ ನಾಟಕಗಳನ್ನು ಬರೆದನು. ಒಂದೇ ಸಂಜೆ, ಒಂದೇ ವೇಳೆಗೆ, ಅದೇ ನಟರು ಒಂದು ರಂಗದಿಂದ ನಿರ್ಗಮಿಸಿ ಮತ್ತೊಂದನ್ನು ಪ್ರವೇಶಿಸುತ್ತಾರೆ. ಮನೆಯೊಳಗಣ ಕಥೆಯು ಮೆಕಾರ್ಥಿಯಲ್ಲಿ, ತೋಟದ ಕಥೆಯು ವೃತ್ತದಲ್ಲಿ. ಆಕಾಶದ ಕೆಳಗಣ ಬಯಲಿನ ಪಾತ್ರವನ್ನು ವೃತ್ತರಂಗಕ್ಕೇ ಕೊಟ್ಟದ್ದು ಆ ರಂಗದೊಡನೆ ನಲವತ್ತು ವರ್ಷ ಬಾಳಿದವನಿಗೆ ಸಹಜವಾದ ತೀರ್ಮಾನ. ಏಕ್‌ಬರ್ನ್ 2009ರಲ್ಲಿ ನಿರ್ದೇಶಕತ್ವವನ್ನು ಬಿಟ್ಟುಕೊಟ್ಟನು. ಆದರೆ ಹೊಸ ನಾಟಕಗಳನ್ನು ಬರೆದು ಮೊದಲು ಅಲ್ಲಿಯೇ ಆಡಿಸುವ ರೂಢಿಯನ್ನು ಅನಂತರವೂ ಬಿಡಲಿಲ್ಲ.